ಬರಿಗೈಲೆ ಹೋಗಬಾರದು

ಶುಕ್ರವಾರ ಮುಂಜಾನೆ ಹಾಲಿನ ಪಾಕೀಟು ತರಾಕ ಹೊಂಟಿದ್ದ ಹಂಪಮ್ಮ, ಚರ್ಚಿನ ಗೇಟಿಗೆ ಕಟ್ಟಿದ್ದ ಫ್ಲೆಕ್ಸ್ ಕಂಡು ನಿಂತ್ಲು. ಕಂಟೋನ್ಮೆಂಟಿನಾಗ ಫ್ಲೆಕ್ಸ್ ಬಂತಂದ್ರ ಒಂದೋ ಯಾರದೋ ಹುಟ್ಟಿದ ದಿನ, ಇಲ್ಲಾ ಯಾರೋ ಸತ್ತಾರ. "ಪಾಪ, ಯಾರು ತೀರಿಕೊಂಡ್ರೋ ಏನೋ" ಅಂತ ಲೊಚಗುಟ್ಟಿಕೋತ ಹತ್ರ ಹೋಗಿ, ಕನ್ನಡಕ ಸೆರಗಿಗೆ ಒರಸಿ ನೋಡಿದ್ರ, ತನ್ನದೇ ಮಾರಿ!

ಯಾರದೋ ಮದುವಿಯಾಗ ಬೂಂದಿ ಉಂಡಿ ಬಾಯಾಗ ಇಟ್ಟುಕೊಂಡಾಗ ತೆಗೆದ ಫೋಟೋ. ಎಡಗಡಿ ದವಡಿ ಉಬ್ಬಿತ್ತು. ತಲಿ ಹಿಂದ ಬೆಳಕಿನ ಕಿರಣ, ಮ್ಯಾಲೊಂದು ಬಂಗಾರದ ಕಿರೀಟ, ಸುತ್ತಲೂ ಗುಲಾಬಿ ಹೂವು. ಕೆಳಗ ಮೊಳದುದ್ದದ ಅಕ್ಷರದಾಗ ಬರೆದಿದ್ರು: "ತೆರೆಮರೆಯ ಸೇವಕಿ ಹಂಪಮ್ಮನವರಿಗೆ ಸನ್ಮಾನ. ಆದಿತ್ಯವಾರ ಆರಾಧನೆಯ ನಂತರ. ಬಳಿಕ ಪ್ರೀತಿಭೋಜನ. ಸರ್ವರಿಗೂ ಸ್ವಾಗತ."

"ತೆರೆಮರೆಯಂತ, ತೆರೆಮರೆ!" ಹಂಪಮ್ಮ ಒಬ್ಬಾಕಿನೇ ನಿಂತು ಬಯ್ದ್ಲು. "ಬಳ್ಳಾರಿಗೆಲ್ಲ ಕಾಣಂಗ ಕಟ್ಟಿ ಮತ್ತ ತೆರೆಮರೆ ಅಂತಾರ. ಇವರ ಶಾಣ್ಯಾತನಕ್ಕ ಇಷ್ಟು ಬೆಂಕಿ ಹಾಕ!"

ಹಾಲು ಮರ್ತೇ ಹೋತು.

ಶಾಲು ಹಾಕ್ತೀವಿ ಅಂದ್ರ ಕುಣಿಕುಣಿದು ಹೋಗೋ ಕಾಲ ಇದು, ಈಕಿಗೇನು ದಾಡಿ ಅಂತ ನೀವು ಕೇಳಬಹುದು. ಹೇಳ್ತೀನಿ, ಅವಸರ ಮಾಡಬ್ಯಾಡ್ರಿ.

ಹಂಪಮ್ಮ ಹುಟ್ಟಾ ಕ್ರೈಸ್ತಳು. ಹಂಪಮ್ಮ ಅನ್ನೋದು ಆಕಿ ಅಜ್ಜಿ ಹೆಸರು. ಆ ಅಜ್ಜಿನೇ ಮನಿತನದಾಗ ಮೊದಲು ಚರ್ಚಿನ ಮೆಟ್ಲು ಹತ್ತಿದಾಕಿ. ದೀಕ್ಷಾಸ್ನಾನ ಕೊಟ್ಟ ಬಿಳಿ ದೊರಿ "ಹೆಸರು ಬದಲಿ ಮಾಡೋಣೇನಮ್ಮಾ?" ಅಂದಾಗ, "ನಮ್ಮವ್ವ ಇಟ್ಟ ಹೆಸರು ನಿಂಗೇನು ಮಾಡೈತಿ?" ಅಂತ ಕೇಳಿದ್ಲಂತ. ಹೆಸರಿನ ಕೂಡ ಆ ಬಾಯಿನೂ ಮೊಮ್ಮಗಳಿಗೆ ಬಂದಿತ್ತು. ಗಂಡ ಓಬಳೇಶ ಲಾರಿ ಡ್ರೈವರ್ ಇದ್ದ, ತೀರಿಕೊಂಡು ಬಾಳ ವರ್ಷ ಆಗಿತ್ತು. ಈಗ ಮನಿಯಾಗ ಮಷೀನು ಇಟ್ಟುಕೊಂಡು ಚನ್ನಬಸವರಾಜ ಸಾವ್ಕಾರನ ಜೀನ್ಸ್ ಕಾರ್ಖಾನಿಗೆ ಜೇಬು ಹೊಲಿದು ಕೊಡೋದು ಆಕಿ ಕೆಲಸ. ಬಳ್ಳಾರಿ ಜೀನ್ಸ್ ಹಾಕ್ಕೊಂಡು ಊರೂರು ತಿರುಗೋ ಹುಡುಗ್ರ ಕೈಯೆಲ್ಲ ಹಂಪಮ್ಮನ ಜೇಬಿನಾಗ ಇರತಾವ, ಅವ್ರಿಗೆ ಗೊತ್ತಿಲ್ಲ ಅಷ್ಟ.

ಇನ್ನೊಂದು ಕೆಲಸ ಇತ್ತು, ಅದು ಯಾರಿಗೂ ಗೊತ್ತಿರಲಿಲ್ಲ. ಕಾರ್ಖಾನಿಯಾಗ ಉಳಿದ ಬಟ್ಟಿ ಚೂರು ತಂದು, ತೊಳೆದು ಮೆತ್ತಗ ಮಾಡಿ, ಒಳಗ ಹಳೇ ಸೀರಿ ಅಸ್ತರಿ ಕೊಟ್ಟು ಆಕಿ ಪುಟ್ಟ ಪುಟ್ಟ ಕೌದಿ ಹೊಲಿತಿದ್ಲು. ದೊಡ್ಡಾಸ್ಪತ್ರಿಯಾಗ ಹುಟ್ಟಿದ ಕೂಸುಗಳಿಗೆ. ಕೂಲಿ ಮಂದಿ, ಹೊಲದಾಗ ಕೆಲಸ ಮಾಡಿಕೋತನೇ ಬ್ಯಾನಿ ಬಂದು ಓಡಿ ಬಂದವ್ರು, ಕೂಸಿಗೆ ಸುತ್ತಾಕ ಒಂದು ಅರಿವಿನೂ ತಂದಿರೋದಿಲ್ಲ. ಹೆರಿಗಿ ವಾರ್ಡಿನ ನರ್ಸು ಅರುಣಾ, ಹಂಪಮ್ಮನ ಗೆಳತಿ, ಕೌದಿನ ಚೀಲದಾಗ ಮುಚ್ಚಿಕೊಂಡು ಒಯ್ದು ಕೊಡ್ತಿದ್ಲು. ಯಾರು ಕೊಟ್ರು ಅಂತ ಬಾಣಂತಿ ಕೇಳಿದ್ರ, "ಯಾರೋ ಕೊಟ್ಟಾರ, ತಗೋ" ಅಂತಿದ್ಲು. ಹಂಗ ಹೇಳು ಅಂತ ಹಂಪಮ್ಮಂದೇ ಕರಾರು.

ಇದು ಶುರು ಆಗಿದ್ದು ಸಂಕಟದಾಗ. ಹಂಪಮ್ಮಗ ಹರೇದಾಗ ಒಂದು ಕೂಸು ಹುಟ್ಟಿತ್ತು. ಓಬಳೇಶನ ಹಳೇ ಪ್ಯಾಂಟು ಕತ್ತರಿಸಿ ಅದಕ್ಕ ಕೌದಿ ಹೊಲಿದಿಟ್ಟಿದ್ಲು. ಕೂಸು ಉಳಿಲಿಲ್ಲ. ಆಸ್ಪತ್ರಿಯಾಗ ಆ ಕೌದಿ ಎದಿಗೆ ಅವಚಿಕೊಂಡು ಅಳತಿದ್ದಾಕಿಗೆ, ಬಾಜೂ ಮಂಚದ ಕೂಸು ಥಂಡಿಗೆ ನಡುಗೋದು ಕಾಣಿಸ್ತು. ಎದ್ದು ಹೋಗಿ ಹೊಚ್ಚಿ ಬಂದ್ಲು. ಅದನ್ನ ನೋಡಿದಾಕಿ ಅರುಣಾ ಒಬ್ಬಾಕಿ, ಆಗಿನ್ನೂ ಹೊಸ ನರ್ಸು. ಆವತ್ತಿಂದ ಇವರಿಬ್ಬರ ಗೆಳೆತನ, ಆವತ್ತಿಂದ ಕೌದಿ.

ನಮ್ಮ ಕಡಿ ಒಂದು ರೂಢಿ ಐತಿ. ಕೌದಿ ಹೊಟ್ಟಿ ಖಾಲಿ ಇರಬಾರದು ಅಂತ, ಮುಗಿಸೋ ಮುಂದ ಮೂಲಿಯಾಗ ನಾಲ್ಕು ಕಾಳು ಹಾಕಿ ಹೊಲಿತಾರ. ಹಂಪಮ್ಮ ಅದಕ್ಕ ಜೀನ್ಸಿನ ಸಣ್ಣ ಚಿಲ್ಲರಿ ಜೇಬು ಇಟ್ಟು, ಅದರಾಗ ಜೋಳ ತುಂಬಿ ಬಾಯಿ ಹೊಲಿತಿದ್ಲು. ಜೇಬು ಹೊಲಿಯೋ ಆಕಿ ಜೇಬು ಇಡದೆ ಇರತಾಳೇನು?

ಈಗ ಸಿಟ್ಟಿನ ಮಾತಿಗೆ ಬರೋಣು. ಹಂಪಮ್ಮ ಸೀದಾ ಆಟೋ ಹತ್ತಿ ಸತ್ಯನಾರಾಯಣಪೇಟಿಗೆ ಅರುಣಾನ ಮನಿಗೆ ಹೋದ್ಲು.

"ಲೇ ಅರುಣಾ! ಹೊರಗ ಬಾ!"

ಅರುಣಾ ಒಗ್ಗರಣಿ ಸೌಟು ಹಿಡಕೊಂಡೇ ಬಂದ್ಲು. "ಏನ್ ಹಂಪಕ್ಕಾ, ಮುಂಜಾನೆದ್ದು ದುರ್ಗಮ್ಮ ಆಗಿ ಬಂದಿ?"

"ಪಾಸ್ಟರಗ ನನ್ನ ಗುಟ್ಟು ಹೇಳಿದಾಕಿ ನೀನೇ ಹೌದೋ ಅಲ್ಲೋ?"

ಅರುಣಾ ಸೌಟು ಕೆಳಗ ಇಳಿಸಿದ್ಲು. "ಹೂಂ, ನಾನೇ. ನಾ ರಿಟೈರ್ ಆದ ದಿನ ನಿಮ್ಮ ಪಾಸ್ಟರು ಯಾರನ್ನೋ ನೋಡಾಕ ವಾರ್ಡಿಗೆ ಬಂದಿದ್ರು. ಕೂಸುಗಳಿಗೆ ಕೌದಿ ಕೊಟ್ಟ ತಾಯಿ ನೀವೇ ಅಂತಲ್ಲಮ್ಮಾ ಅಂತ ನನಗ ಕೈ ಮುಗಿದ್ರು. ನನಗ ನಾಚಿಕಿ ಬಂತು. ನಾನಲ್ಲ ಸ್ವಾಮಿ, ಹಂಪಕ್ಕ ಅಂದೆ. ಮತ್ತೇನು, ನಿನ್ನ ಹೊಗಳಿಕಿ ನಾ ನುಂಗಬೇಕಿತ್ತೇನು?"

"ನುಂಗಬೇಕಿತ್ತು! ಈಗ ಶಾಲು, ಪೇಟಾ, ಹಣ್ಣಿನ ಬುಟ್ಟಿ ಅಂತ ಹೊಂಟಾರ. ನನ್ನ ಕಿರೀಟ ಹೋತಲ್ಲೇ!"

"ಯಾವ ಕಿರೀಟ?"

ಹಂಪಮ್ಮ ಕಟ್ಟಿ ಮ್ಯಾಲ ಕುಂತ್ಲು. ಅರುಣಾ ಶಿವನ ಭಕ್ತಳು, ಸೋಮವಾರ ತಪ್ಪಿಸದಾಕಿ. ಆಕಿಗೆ ತಿಳಿಯೋಹಂಗ ಹೇಳಬೇಕಲ್ಲ.

"ನೋಡು, ಕಡೀ ದಿನ ನಾವೆಲ್ಲ ಯೇಸುಸ್ವಾಮಿ ಮುಂದ ನಿಲ್ಲಬೇಕು."

"ಶಿಕ್ಷಾ ಕೊಡತಾನೇನು?"

"ನಂಬಿದವರಿಗೆ ಶಿಕ್ಷಾ ಇಲ್ಲ. ಒಳಗ ಹೋಗಾಕ ಟಿಕೀಟು ಫ್ರೀ. ಈಗ ನಮ್ಮ ಹೆಣ್ಮಕ್ಕಳಿಗೆ ಬಸ್ಸಿನಾಗ ಐತಲ್ಲ, ಹಂಗ. ಆದ್ರ ಹೋದಮ್ಯಾಲ, ಬದುಕಿದ್ದಾಗ ಏನೇನು ಮಾಡಿದಿ ಅಂತ ಒಂದೊಂದೇ ಬೆಂಕಿಗೆ ಹಿಡಿದು ನೋಡತಾನ. ಹುಲ್ಲು ಕಟ್ಟಿಗಿ ಆದ್ರ ಸುಟ್ಟು ಹೋಗತೈತಿ. ಬಂಗಾರ ಆದ್ರ ಉಳಿತೈತಿ. ಉಳಿದಿದ್ದಕ್ಕ ಕಿರೀಟ."

"ಕೌದಿ ಅರಿವೀದು. ಅರಿವಿ ಬೆಂಕ್ಯಾಗ ಉಳಿತೈತೇನಕ್ಕಾ?"

"ತಲಿಹರಟಿ ಮಾಡಬ್ಯಾಡ. ಕೇಳಿಲ್ಲಿ. ಮಂದಿ ಕಡಿಯಿಂದ ಹೊಗಳಿಸಿಕೊಂಡವರಿಗೆ ಅಲ್ಲಿ ಏನೂ ಇಲ್ಲ, ಅವ್ರದು ಇಲ್ಲೇ ಮುಟ್ಟಿತು ಅಂತ ಸ್ವಾಮಿನೇ ಹೇಳ್ಯಾನ. ಆದಿತ್ಯವಾರ ಇವ್ರು ನನ್ನ ತಲಿಗೆ ಪೇಟಾ ಇಟ್ರಂದ್ರ, ಅಲ್ಲಿಂದು ಬಂದ್ ಆತು."

"ಆಗಲಿ ಬಿಡು. ಈ ವಯಸ್ಸಿನಾಗ ಕಿರೀಟ ಇಟ್ಟುಕೊಂಡು ಎಲ್ಲಿಗೆ ಮೆರವಣಿಗಿ ಹೋಗಬೇಕು ನೀನು?"

"ಇಟ್ಟುಕೊಳ್ಳಾಕ ಅಲ್ಲ ಲೇ! ಅಲ್ಲಿ ದೊಡ್ಡ ದೊಡ್ಡ ಹಿರೇರೆಲ್ಲ ತಮ್ಮ ಕಿರೀಟ ತೆಗೆದು ಸ್ವಾಮಿ ಪಾದದ ಮುಂದ ಇಡತಾರ. ಎಲ್ಲಾರೂ ಇಡೋ ಹೊತ್ತಿನಾಗ ನಾ ಬರಿಗೈ ಬೀಸಿಕೋತ ನಿಲ್ಲಲೇನು? ದೊಡ್ಡೋರ ಮುಂದ ಬರಿಗೈಲೆ ಹೋಗಬಾರದು. ನಿಮ್ಮನಿಗೆ ಬರೋ ಮುಂದ ಸತೇಕ ನಾ ನಾಲ್ಕು ಬಾಳಿಹಣ್ಣು ತರತೀನಿ!"

"ಈವತ್ತು ತಂದಿಲ್ಲಲ್ಲ."

"ಈವತ್ತು ಬಯ್ಯಾಕ ಬಂದೀನಿ."

ಇಬ್ಬರಿಗೂ ನಗಿ ಬಂತು. ನಕ್ಕು ಮುಗಿಸೋದ್ರಾಗ ಹಂಪಮ್ಮನ ಕಣ್ಣಾಗ ನೀರು. "ನನ್ನ ಕಡಿ ಬ್ಯಾರೇನೂ ಇಲ್ಲ ಅರುಣಾ. ಓದಲಿಲ್ಲ, ಪಾಠ ಹೇಳಲಿಲ್ಲ, ದೊಡ್ಡ ಕಾಣಿಕಿ ಕೊಡಲಿಲ್ಲ. ಈ ಕೌದಿ ಒಂದು ಐತಿ. ನನ್ನ ಕೂಸು ಅಲ್ಲೇ ಐತಿ, ನೋಡಕೋತ ನಿಂತಿರತೈತಿ. ಎಲ್ಲಾರ ಅವ್ವಗೋಳು ಏನಾರ ತಂದಾರ, ನಮ್ಮವ್ವ ಬರಿಗೈಲೆ ಬಂದ್ಲು ಅನಬಾರದು ಅದು."

ಅರುಣಾ ಆಮ್ಯಾಲ ತಮಾಷಿ ಮಾಡಲಿಲ್ಲ. ಒಳಗ ಕರೆದು ಒಗ್ಗರಣಿ ಮಂಡಕ್ಕಿ ಕೊಟ್ಲು. ಸಿಟ್ಟು ಎಷ್ಟೇ ಇರಲಿ, ಮಂಡಕ್ಕಿ ಜೋಡಿ ಮೆಣಸಿನಕಾಯಿ ಬಜ್ಜಿ ಇದ್ರ ನಮ್ಮ ಮಂದಿ ಬ್ಯಾಡ ಅನ್ನಂಗಿಲ್ಲ. ಹಂಪಮ್ಮನೂ ಅನಲಿಲ್ಲ.

ಅಲ್ಲಿಂದ ಪಾಸ್ಟರ್ ಸಮ್ರಾಟನ ಹತ್ರ ಹೋದ್ಲು. ಇನ್ನೂ ಎಳೆ ವಯಸ್ಸಿನ ಪಾಸ್ಟರು. ಬಾಳ ಒಳ್ಳೆಯವ, ಆದ್ರ ಮೈಕು ಕಂಡ್ರ ಬಿಡಂಗಿಲ್ಲ, ಫ್ಲೆಕ್ಸ್ ಅಂದ್ರ ಜೀವ.

"ಅಯ್ಯನೋರೇ, ಅದನ್ನ ಬಿಚ್ಚಸ್ರಿ. ಸನ್ಮಾನ ನನಗ ಬ್ಯಾಡ."

"ಅಮ್ಮಾ, ಶಾಲು ಬಂದೈತಿ, ಪೇಟಾ ಬಂದೈತಿ. ನಿಮ್ಮ ಚನ್ನಬಸವರಾಜ ಸಾವ್ಕಾರ್ರೇ ಮುಖ್ಯ ಅತಿಥಿ. ಬಿರಿಯಾನಿಗೂ ಹೇಳಿಬಿಟ್ಟೀವಿ."

"ಬಿರಿಯಾನಿ ಉಣ್ರಿ. ಸನ್ಮಾನ ಬಿಡ್ರಿ."

"ಗೌರವ ಯಾರಿಗೆ ಸಲ್ಲಬೇಕೋ ಅವ್ರಿಗೆ ಸಲ್ಲಿಸ್ರಿ ಅಂತ ಬೈಬಲ್ಲಿನಾಗ ಪೌಲನೂ ಬರೆದಾನಲ್ಲಮ್ಮಾ."

"ಅದು ಸರಕಾರದವ್ರ ಬಗ್ಗೆ ಬರೆದಿದ್ದು. ನಾನೇನು ತಹಶೀಲ್ದಾರಳೇನು?"

ಪಾಸ್ಟರ್ ಸಮ್ರಾಟ ಹೊಟ್ಟಿ ಹಿಡಕೊಂಡು ನಕ್ಕ. ನಗೋ ಮಂದಿ ಜೋಡಿ ಜಗಳ ಆಡಾಕ ಬರಂಗಿಲ್ಲ. "ಆದಿತ್ಯವಾರ ಜಲ್ದಿ ಬಂದುಬಿಡ್ರಿ ಅಮ್ಮಾ, ಮುಂದಿನ ಕುರ್ಚಿ ನಿಮ್ಮದು" ಅಂದ. ಹಂಪಮ್ಮ ಬಾಯಿ ಮುಚ್ಚಿಕೊಂಡು ಹೊರಗ ಬಂದ್ಲು. ಆಕಿ ಬಾಯಿ ಮುಚ್ಚಿದ್ಲಂದ್ರ ತಲಿಯಾಗ ಏನೋ ಓಡಾಕ ಹತ್ತೈತಿ ಅಂತ ಲೆಕ್ಕ.

ಆದಿತ್ಯವಾರ ಚರ್ಚಿನ ಮೊದಲನೇ ಗಂಟಿ ಹೊಡೆಯೋ ಹೊತ್ತಿಗೆ ಹಂಪಮ್ಮ ಬಸ್ ಸ್ಟ್ಯಾಂಡಿನಾಗ ಇದ್ಲು. ತಂಗಿ ಪಂಪಾವತಿ ಸಿರುಗುಪ್ಪದಾಗ ಇದ್ಲು, ಅಲ್ಲಿಗೆ ಓಡಿ ಹೋಗೋದು ಅಂತ ನಿರ್ಧಾರ. ಆಂಧ್ರದ ಕಡಿ ಸೈಕ್ಲೋನ್ ಎದ್ದು ಬಳ್ಳಾರಿಗೂ ಜಿಟಿಜಿಟಿ ಮಳಿ ಹಿಡಿದಿತ್ತು. ಸಿರುಗುಪ್ಪದ ಬಸ್ಸು ಇನ್ನೂ ಬಂದಿರಲಿಲ್ಲ. ಅಷ್ಟರಾಗ ಚರ್ಚಿನ ಹುಡುಗಿ ಸುಮಂಗಲಾ, ಹಾಡಿನ ಗುಂಪಿನಾಕಿ, ಛತ್ರಿ ಹಿಡಕೊಂಡು ಆ ಕಡಿಯಿಂದ ಬರೋದು ಕಾಣಿಸ್ತು. ಹಂಪಮ್ಮ ಹಿಂದ ಮುಂದ ನೋಡದೆ ಎದುರಿಗಿದ್ದ ಕುರುಗೋಡಿನ ಬಸ್ಸು ಹತ್ತಿಬಿಟ್ಲು. ಅಲ್ಲಿಂದ ಸಿರುಗುಪ್ಪಕ್ಕ ಬ್ಯಾರೆ ಬಸ್ಸು ಹಿಡಿದ್ರಾತು.

ಕಂಡಕ್ಟರ್ ಆಧಾರ್ ಕಾರ್ಡ್ ನೋಡಿದ, ಮಾರಿ ನೋಡಿದ, ಮತ್ತ ಕಾರ್ಡ್ ನೋಡಿದ. "ಏನಮ್ಮಾ, ನಿಮ್ಮನ್ನ ಫ್ಲೆಕ್ಸಿನಾಗ ನೋಡಿದಂಗೈತಲ್ಲ?"

"ಅದು ನಮ್ಮಕ್ಕ" ಅಂದ್ಲು ಹಂಪಮ್ಮ, ಸೆರಗು ಮಾರಿ ಮ್ಯಾಲ ಎಳಕೊಂಡು.

ಅಂದಮ್ಯಾಲ ನಾಲಿಗಿ ಕಚ್ಚಿಕೊಂಡ್ಲು. ಅಯ್ಯೋ ದೇವುಡಾ, ಕಿರೀಟ ಉಳಿಸಿಕೊಳ್ಳಾಕ ಹೋಗಿ ಸುಳ್ಳು ಹೇಳಿದ್ನಲ್ಲ! ಕಿರೀಟದಿಂದ ಒಂದು ಹರಳು ಟಣ್ಣಂತ ಉದುರಿದ್ದು ಆಕಿಗೇ ಕೇಳಿಸ್ತು. ಕುಂತ ಸೀಟಿನ ಕಿಟಕಿ ಗಾಜು ಬ್ಯಾರೆ ಮುಚ್ಚಾಕ ಬರತಿರಲಿಲ್ಲ. ಬಸ್ಸು ಓಡಿದಂಗ ಮಳಿ ಸೀದಾ ಆಕಿ ಮೈಮ್ಯಾಲ. ಕುರುಗೋಡು ಬರೋದ್ರಾಗ ಸೀರಿ ಹಿಂಡಿದ್ರ ಒಂದು ಕೊಡ ನೀರು ಬರೋಹಂಗ ಆಗಿದ್ಲು.

ಬಸ್ ಸ್ಟ್ಯಾಂಡಿನ ಕಲ್ಲು ಬೆಂಚಿನ ಮ್ಯಾಲ ಒಬ್ಬ ಹೆಣ್ಮಗಳು ಕುಂತಿದ್ಲು. ಹಣಿ ತುಂಬ ವಿಭೂತಿ, ಬಾಜೂಕ ಜೋಳದ ತೆನಿ ತುಂಬಿದ ಚೀಲ, ತೊಡಿ ಮ್ಯಾಲ ಮೊಮ್ಮಗಳು. ಹಲ್ಲು ಕಟಕಟ ಕಡಿಕೋತ ಬಂದ ಹಂಪಮ್ಮನ್ನ ನೋಡಿ ಆಕಿ ಸರಿದು ಜಾಗ ಕೊಟ್ಲು.

"ಯಕ್ಕಾ, ಬಾ ಇಲ್ಲಿ, ಕುಂದ್ರು. ಹಿಂಗ್ಯಾಕ ತೊಯಿಸಿಕೊಂಡಿ? ಈ ವಯಸ್ಸಿನಾಗ ಥಂಡಿ ಹಿಡಿದ್ರ ಬಿಡತೈತೇನು?" ಅಂದಾಕಿನೇ, ಮೊಮ್ಮಗಳ ಮೈಮ್ಯಾಲಿದ್ದ ಅರಿವಿ ತೆಗೆದು ಹಂಪಮ್ಮನ ಹೆಗಲ ಮ್ಯಾಲ ಹೊಚ್ಚಿಬಿಟ್ಲು.

ಬೆಚ್ಚಗಿತ್ತು. ಹಂಪಮ್ಮ ಅಂಚು ಹಿಡಿದು ಎದಿ ಮ್ಯಾಲ ಎಳಕೊಂಡ್ಲು. ಬೆರಳಿಗೆ ಏನೋ ತಾಕಿತು. ಒಂದು ಸಣ್ಣ ಜೇಬು. ಒಳಗ ಕಾಳು.

ಕೌದಿ ತೊಳೆದು ತೊಳೆದು ನೀಲಿ ಹೋಗಿ ಬೂದಿ ಬಣ್ಣ ಆಗಿತ್ತು. ಆದ್ರ ಹೊಲಿಗಿ ಒಂದೂ ಬಿಟ್ಟಿರಲಿಲ್ಲ. ತಾನು ಹಾಕಿದ ಹೊಲಿಗಿ ತನಗ ಗೊತ್ತಾಗೋದಿಲ್ಲೇನು? ಶಾಲು ಬ್ಯಾಡ ಅಂತ ಊರು ಬಿಟ್ಟು ಓಡಿ ಬಂದಾಕಿಗೆ, ಕುರುಗೋಡು ಬಸ್ ಸ್ಟ್ಯಾಂಡಿನಾಗ ತಾನೇ ಹೊಲಿದಿದ್ದನ್ನ ಹೊಚ್ಚಿ ಕುಂದ್ರಿಸಿದ್ರು.

"ಚಲೋ ಐತಿ ಕೌದಿ" ಅಂದ್ಲು ಹಂಪಮ್ಮ. ಧ್ವನಿ ನಡುಗಿದ್ದು ಥಂಡಿಗೆ ಅಂತ ಆ ಹೆಣ್ಮಗಳು ತಿಳಕೊಂಡ್ಲು.

ಆಕಿ ಹೆಸರು ದಾಕ್ಷಾಯಣಮ್ಮ, ಬಾದನಹಟ್ಟಿಯಾಕಿ, ಹೊಲ ಮಾಡೋ ಮನಿತನ. ಸಿರುಗುಪ್ಪದಾಗ ಮಗಳ ಮನಿಗೆ ಹೊಂಟಿದ್ಲು. ಮಾತಿಗೆ ಕುಂತ್ರ ನಮ್ಮ ಹಂಪಮ್ಮಗಿಂತ ಒಂದು ಕೈ ಮ್ಯಾಲ.

"ಇದರ ಕತಿ ಕೇಳು ಯಕ್ಕಾ. ಈ ಹುಡುಗಿ ಹುಟ್ಟಿದ್ದು ಬಳ್ಳಾರಿ ದೊಡ್ಡಾಸ್ಪತ್ರಿಯಾಗ. ಹೆಂಗ ಥಂಡಿ ಅಂತಿ! ನಾವು ಅವಸರದಾಗ ಬರಿಗೈಲೆ ಓಡಿದ್ವಿ. ಕೂಸು ನೀಲಿಗಟ್ಟಾಕ ಹತ್ತಿತ್ತು. ಆಗ ನರ್ಸಮ್ಮ ಇದನ್ನ ತಂದು ಹೊಚ್ಚಿದ್ಲು. ಯಾರದವ್ವಾ ಅಂದ್ರ, ಯಾರೋ ಕೊಟ್ಟಾರ ಅಂದ್ಲು."

"ಯಾರು ಕೊಟ್ಟಿರಬಹುದು?" ಅಂತ ಕೇಳಿಬಿಟ್ಲು ಹಂಪಮ್ಮ. ಕೇಳಬಾರದಿತ್ತು. ನಾಲಿಗಿ ಕೇಳಿತು.

"ಮತ್ಯಾರು? ಜೀನ್ಸ್ ಕಾರ್ಖಾನಿ ಸಾವ್ಕಾರ! ಅರಿವಿ ನೋಡಿದ್ರ ಗೊತ್ತಾಗಂಗಿಲ್ಲೇನು? ಸೋಮವಾರಕ್ಕೊಮ್ಮೆ ಇಲ್ಲಿ ಗುಡಿಯಾಗ ದೊಡ್ಡಬಸಪ್ಪನ ಮುಂದ ನಿಂತು, ನಮ್ಮಪ್ಪಾ, ಆ ಸಾವ್ಕಾರನ ಹೊಟ್ಟಿ ತಣ್ಣಗಿಡು ಅಂತ ಬೇಡಕೊಂತೀನಿ."

ಹಂಪಮ್ಮನ ಹೊಟ್ಟಿಯಾಗ ಬೆಂಕಿ ಬಿತ್ತು. ಸಾವ್ಕಾರ! ಸೂಜಿಗೆ ದಾರ ಪೋಣಿಸಾಕ ಬರದ ಚನ್ನಬಸವರಾಜನ ಹೊಟ್ಟಿ ತಣ್ಣಗಿರಬೇಕು, ಇಲ್ಲಿ ಬೆನ್ನು ಬಿದ್ದು ಹೋಗೋಹಂಗ ಹೊಲಿದಾಕಿ ತೊಯ್ದ ಕೋಳಿ ಆಗಿ ಕುಂತಾಳ! "ಅದು ನಾನೇ ಲೇ, ನಾನೇ!" ಅನ್ನೋ ಮಾತು ಗಂಟಲಿಗೆ ಬಂತು, ಹಲ್ಲಿಗೆ ಬಂತು, ತುಟಿಗೂ ಬಂತು. ಎರಡೂ ಕೈಲೆ ಕೌದಿ ಬಾಯಿಗೆ ಒತ್ತಿಕೊಂಡ್ಲು.

ಆಗ ಗೊತ್ತಾತು ಆಕಿಗೆ. ಹೊಗಳಿಕಿ ಬ್ಯಾಡ ಅಂತ ಓಡಿ ಬಂದಿದ್ದಲ್ಲ ತಾನು. ಹೊಗಳಿಕಿ ಬೇಕೇ ಬೇಕಿತ್ತು, ಇಲ್ಲಿಂದು ಸಣ್ಣದಾತು, ಅಲ್ಲಿಂದು ದೊಡ್ಡದು ಬರಲಿ ಅಂತ ಅಡಗಿಸಿಟ್ಟಿದ್ಲು ಅಷ್ಟ. ಹಂಪಮ್ಮಗ ತನ್ನ ಮ್ಯಾಲೇ ನಗಿ ಬಂತು, ನಾಚಿಕಿನೂ ಬಂತು. ಮತ್ತ ಖರೇ ಹೇಳಬೇಕಂದ್ರ, ಬಟ್ಟಿ ಚೂರು ಒಯ್ಯಿ ಹಂಪಮ್ಮಾ ಅಂತ ಬಿಟ್ಟವ ಆ ಸಾವ್ಕಾರನೇ ಅಲ್ಲೇನು?

"ಹೌದವ್ವಾ" ಅಂದ್ಲು. "ಸಾವ್ಕಾರಂದೂ ಪಾಲೈತಿ."

"ಹುಡುಗಿ ಬೆಳೆದ್ಲು, ಕೌದಿ ಸಣ್ಣದಾತು" ದಾಕ್ಷಾಯಣಮ್ಮ ನಿಲ್ಲಿಸಲೇ ಇಲ್ಲ. "ಯಾರೋ ಕೊಟ್ಟಿದ್ದು ನಾವು ಪೆಟಿಗ್ಯಾಗ ಇಟ್ಟುಕೊಂಡ್ರ ಹೆಂಗ? ನಮ್ಮ ಓಣ್ಯಾಗ ಯಾರಿಗೆ ಕೂಸು ಹುಟ್ಟಲಿ, ಮೊದಲು ಇದನ್ನೇ ಹೊಚ್ಚತೀವಿ. ಈಗ ಮಗಳಿಗೆ ಮತ್ತ ದಿನ ತುಂಬ್ಯಾವ, ಒಯ್ಯಾಕ ಹತ್ತೀನಿ. ಈ ಜೇಬಿನಾಗ ಜೋಳ ಇದ್ವು ನೋಡು. ಹೊಲಿಗಿ ಬಿಚ್ಚಿ ಹಿತ್ತಲದಾಗ ಬಿತ್ತಿದ್ವಿ. ಹೆಂಗ ಬಂತಂತಿ ತೆನಿ! ಅದರದೇ ಬೀಜ ಇಟ್ಟು ವರ್ಷಾ ವರ್ಷಾ ಬಿತ್ತತೀವಿ. ಕೌದಿ ಇನ್ನೊಬ್ಬರಿಗೆ ಕೊಡೋ ಮುಂದ ಜೇಬಿಗೆ ಮತ್ತ ನಾಲ್ಕು ಕಾಳು ಹಾಕತೀನಿ. ಕೌದಿ ಹೊಟ್ಟಿ ಖಾಲಿ ಇರಬಾರದು ನೋಡು."

ಹಂಪಮ್ಮ ಜೇಬಿನಾಗಿನ ಕಾಳು ಬೆರಳಿಲೆ ಒತ್ತಿ ಒತ್ತಿ ನೋಡಿದ್ಲು. ಒಂದು ಓಣಿ ಕೂಸುಗಳು. ಒಂದು ಹಿತ್ತಲ ಜೋಳ. ಇದ್ಯಾವುದೂ ಆಕಿಗೆ ಗೊತ್ತಿರಲಿಲ್ಲ, ಆಕಿ ಮಾಡಿದ್ದೂ ಅಲ್ಲ.

ಚರ್ಚಿನಾಗ ಎಷ್ಟೋ ಸಲ ಕೇಳಿದ ಒಂದು ಮಾತು ನೆನಪಾತು. ಕಡೀ ದಿನ ಸ್ವಾಮಿ ಒಳ್ಳೆಯವರಿಗೆ, ನನಗ ಹಸಿವಾಗಿತ್ತು ಉಣ್ಣಾಕ ಕೊಟ್ರಿ, ಮೈಮ್ಯಾಲ ಅರಿವಿ ಇರಲಿಲ್ಲ ಹೊಚ್ಚಿದ್ರಿ ಅಂತಾನಂತ. ಅವ್ರು ಕಣ್ಣು ಕಣ್ಣು ಬಿಟ್ಟು, "ಯಾವಾಗ ಸ್ವಾಮಿ? ನಮಗ ನೆನಪೇ ಇಲ್ಲಲ್ಲ!" ಅಂತಾರಂತ. ಅದನ್ನ ಕೇಳಿದಾಗೆಲ್ಲ ಹಂಪಮ್ಮ, "ಏನ್ ಮರುವಿನ ಮಂದಿಯಪ್ಪಾ, ತಾವು ಮಾಡಿದ್ದು ತಮಗ ಗೊತ್ತಿರಂಗಿಲ್ಲೇನು" ಅಂತ ಮನಸಿನಾಗ ಬಯ್ಯತಿದ್ಲು. ಈಗ ಬಾಜೂಕ ಕುಂತ ಹೆಣ್ಮಗಳ ಕಡಿ ತಿರುಗಿ ನೋಡಿದ್ಲು. ತೊಯ್ದು ನಡುಗೋ ಪರದೇಶಿ ಮುದುಕಿಗೆ ಮೊಮ್ಮಗಳ ಮೈಮ್ಯಾಲಿನ ಅರಿವಿ ತೆಗೆದು ಹೊಚ್ಚಿ, ಅದನ್ನ ಆಗಲೇ ಮರೆತು, ಆಕಿ ಚೀಲದ ಬಾಯಿ ಕಟ್ಟಾಕ ಹತ್ತಿದ್ಲು.

"ಎಲ್ಲಿಗೆ ಹೊಂಟಿ ಯಕ್ಕಾ?"

"ಸಿರುಗುಪ್ಪಕ್ಕ. ತಂಗಿ ಮನಿಗೆ."

"ಕೈಯಾಗ ಏನೂ ಇಲ್ಲ?"

ಹಂಪಮ್ಮ ಕೈ ನೋಡಿಕೊಂಡ್ಲು. ಓಡೋ ಅವಸರದಾಗ ನಾಲ್ಕು ಬಾಳಿಹಣ್ಣು ಸತೇಕ ತಗೊಂಡಿರಲಿಲ್ಲ.

"ಅಯ್ಯ, ಬರಿಗೈಲೆ ಹೋಗಬಾರದವ್ವಾ" ಅಂತ ದಾಕ್ಷಾಯಣಮ್ಮ ಕಟ್ಟಿದ ಚೀಲ ಮತ್ತ ಬಿಚ್ಚಿ, ದಪ್ಪ ದಪ್ಪ ತೆನಿ ಆರಿಸಿ ಒಂದು ಹಿಡಿ ಕೊಟ್ಲು. "ತಗೋ. ಅದ ಹಿತ್ತಲದ್ದು. ನೀ ಏನ್ ತಂದಿ ಅಂತ ತಂಗಿ ಕೇಳಿದ್ರ ತೋರಿಸಾಕ ಆತು."

ಹಂಪಮ್ಮ ತೆನಿ ಮಡಿಲಾಗ ಇಟ್ಟುಕೊಂಡು ಅತ್ಲು. ಚೆಂದಂಗ ಅತ್ಲು, ಗೊಣ್ಣಿ ಸುರಿಸಿ. ಎಷ್ಟು ವರ್ಷದ ಹೆದರಿಕಿ ಅದು, ಬರಿಗೈ ಆಗತೀನಿ ಅನ್ನೋ ಹೆದರಿಕಿ. ಒಯ್ಯಬೇಕಾದ್ದನ್ನ ತಾನೇ ಗಳಿಸಿ, ತಾನೇ ಬಚ್ಚಿಟ್ಟು, ತಾನೇ ಕಾಯಬೇಕು ಅಂತ ತಿಳಕೊಂಡಿದ್ಲು. ಇಲ್ಲಿ ನೋಡಿದ್ರ ಕೇಳದೆ ಮಾಡದೆ ಮಡಿಲು ತುಂಬಿತ್ತು. ಒಳಗ ಬಿಟ್ಟುಕೊಳ್ಳೋ ಸ್ವಾಮಿ, ಕೈಯಾಗೊಂದು ಕೊಟ್ಟೇ ಬಿಟ್ಟುಕೊಳ್ಳತಾನ.

"ತಂಗಿ ಮ್ಯಾಲ ಅಷ್ಟು ಜೀವ ಏನು?" ಅಂತ ಕೇಳಿದ್ಲು ದಾಕ್ಷಾಯಣಮ್ಮ, ಗಾಬರಿಯಾಗಿ.

"ಹೂಂ" ಅಂದ್ಲು ಹಂಪಮ್ಮ, ಮೂಗು ಒರಸಿಕೋತ. ಕೌದಿ ಮಡಚಿ ಮೊಮ್ಮಗಳಿಗೆ ಕೊಟ್ಟು, ಆ ಹುಡುಗಿ ಗಲ್ಲ ಹಿಂಡಿ ಎದ್ಲು. "ಬರತೀನವ್ವಾ. ಮಗಳಿಗೆ ಸುಖ ಹೆರಿಗಿ ಆಗಲಿ."

"ಅಲ್ಲಾ, ಅದು ಬಳ್ಳಾರಿ ಬಸ್ಸು ಯಕ್ಕಾ! ಸಿರುಗುಪ್ಪಕ್ಕ ಅಲ್ಲ!"

"ಗೊತ್ತೈತಿ, ಗೊತ್ತೈತಿ!"

ನಮ್ಮೂರ ಕಾರ್ಯಕ್ರಮಗಳು ಹೊತ್ತಿಗೆ ಸರಿಯಾಗಿ ಶುರು ಆಗಂಗಿಲ್ಲ ಅನ್ನೋದು ದೇವರು ಕೊಟ್ಟ ವರ. ಆರಾಧನಿ ಮುಗಿದಿತ್ತು, ಮುಖ್ಯ ಅತಿಥಿ ಈಗಷ್ಟೇ ಬಂದಿದ್ದ, ಪಾಸ್ಟರ್ ಸಮ್ರಾಟ ಮೈಕ್ ಹಿಡಕೊಂಡು "ಹಂಪಮ್ಮನವರು ಎಲ್ಲಿದ್ದರೂ ವೇದಿಕೆಗೆ ಬರಬೇಕು" ಅಂತ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿದ್ದ. ಹಿಂದಿನ ಸಾಲಿನಾಗ ಅರುಣಾ ಸಪ್ಪಗ ಕುಂತಿದ್ಲು. ಅಷ್ಟರಾಗ ಬಾಗಿಲದಾಗ ಹಂಪಮ್ಮ, ಸೀರಿ ಮೊಣಕಾಲತನಕ ಕೆಸರು, ಕೈಯಾಗ ಜೋಳದ ತೆನಿ.

"ಅಮ್ಮಾ, ಎಲ್ಲಿ ಹೋಗಿದ್ರಿ?"

"ಕಾಣಿಕಿ ತರಾಕ ಹೋಗಿದ್ದೆ. ಹಾಕ್ರಿ ಏನ್ ಹಾಕ್ತೀರಿ. ಜಲ್ದಿ."

ಶಾಲು ಹಾಕಿದ್ರು. ಹಣ್ಣಿನ ಬುಟ್ಟಿ ಕೊಟ್ರು. ಪೇಟಾ ಇಟ್ರು, ಅದು ದೊಡ್ಡದಾಗಿ ಮೂಗಿನ ತನಕ ಇಳಿತು. ಜನ ಎಲ್ಲ ಎದ್ದು ಚಪ್ಪಾಳಿ ಹೊಡೆದ್ರು. ಹಂಪಮ್ಮ ಪೇಟಾದ ಒಳಗಿಂದನೇ ಕೈ ಮುಗಿದ್ಲು. ಖುಷಿ ಆತೇನು ಅಂದ್ರ, ಆತು. ಸುಳ್ಳು ಯಾಕ ಹೇಳಬೇಕು?

ಮೈಕ್ ಕೊಟ್ರು. "ನಾ ಹೊಲಿದೀನಿ, ಹೌದು" ಅಂದ್ಲು. "ಬಟ್ಟಿ ಚೂರು ಈ ಸಾವ್ಕಾರಂದು. ಒಯ್ದು ಕೊಟ್ಟಾಕಿ ಅಲ್ಲಿ ಹಿಂದ ಮಾರಿ ಮುಚ್ಚಿಕೊಂಡು ಕುಂತಾಳಲ್ಲ, ಅರುಣಾ, ಆಕಿ. ಮೊದಲನೇ ಕೌದಿಗೆ ಪ್ಯಾಂಟು ನಮ್ಮ ಮನಿಯವರದು, ಹೊಲಿಯೋಹಂಗ ಮಾಡಿದ್ದು ನನ್ನ ಕೂಸು. ಕೊಟ್ಟಮ್ಯಾಲ ಅದನ್ನ ಯಾರ್ಯಾರು ಯಾರ್ಯಾರಿಗೆ ಹೊಚ್ಚ್ಯಾರೋ ನನಗ ಗೊತ್ತಿಲ್ಲ. ಇವತ್ತು ನನಗೇ ಹೊಚ್ಚಿದ್ರು. ಬಿರಿಯಾನಿ ಆರಾಕ ಹತ್ತೈತಿ, ಏಳ್ರಿ."

ಮಂದಿ ನಕ್ಕೋತ ಎದ್ರು. ಹಂಪಮ್ಮ ಮಾತ್ರ ಊಟದ ಕಡಿ ಹೋಗಲಿಲ್ಲ. ಶಿಲುಬಿ ಕೆಳಗಿನ ಮೇಜಿನ ಹತ್ರ ಹೋಗಿ, ಎರಡೂ ಕೈಲೆ ಪೇಟಾ ತೆಗೆದು ಇಟ್ಲು. ಬಾಜೂಕ ತೆನಿ ಇಟ್ಲು, ಎರಡು ಮಾತ್ರ ತನಗ ಉಳಿಸಿಕೊಂಡ್ಲು. "ಇದನ್ನ ಇಲ್ಲೇ ಇಟ್ಟೀನಪ್ಪಾ" ಅಂದ್ಲು ಮೆಲ್ಲಕ. "ಅಲ್ಲಿ ಮತ್ತೊಂದು ಕೊಡತೀಯೋ ಇಲ್ಲೋ, ನಿನಗ ಬಿಟ್ಟಿದ್ದು. ಕೊಟ್ರ ಅದನ್ನೂ ಹಿಂಗ ಇಡತೀನಿ. ನನ್ನ ಕೂಸಿಗೆ ಹೇಳು, ಅವ್ವ ಹೆಂಗೂ ಬರಿಗೈಲೆ ಬರಂಗಿಲ್ಲಂತ."

ಮರುದಿನ ಅರುಣಾ ಬಂದಾಗ ಹಂಪಮ್ಮ ಮಷೀನಿನ ಮುಂದ ಕುಂತಿದ್ಲು. ಜರಿ ಅಂಚಿನ ಶಾಲು ಆಗಲೇ ಎರಡು ತುಂಡಾಗಿ, ಎರಡು ಕೂಸಿನ ಕೌದಿಗೆ ಅಸ್ತರಿ ಆಗಿತ್ತು.

"ಅಯ್ಯಯ್ಯ, ಸನ್ಮಾನದ ಶಾಲು ಕತ್ತರಿಸಿದಿ?"

"ಮೆತ್ತಗೈತಿ ಲೇ. ಕೂಸಿಗೆ ಬೆಚ್ಚಗಿರತೈತಿ."

ಬಾದನಹಟ್ಟಿ ತೆನಿ ಅಂಗೈಯಾಗ ತಿಕ್ಕಿ, ಕಾಳು ಬಿಡಿಸಿ, ಸಣ್ಣ ಜೇಬಿಗೆ ತುಂಬಿ ಹಂಪಮ್ಮ ಬಾಯಿ ಹೊಲಿದ್ಲು. ಹಲ್ಲಿಲೆ ದಾರ ಕಡಿದು ಕೌದಿ ಅರುಣಾನ ಕೈಗೆ ಇಟ್ಲು.

"ವಾರ್ಡಿನಾಗ ಈಗ ಹೊಸ ನರ್ಸು ಅದಾಳ" ಅಂದ್ಲು ಅರುಣಾ. "ಯಾರು ಕೊಟ್ರು ಅಂತ ಕೇಳಿದ್ರ ಏನ್ ಹೇಳಲಿ? ಈಗ ಗುಟ್ಟು ರಟ್ಟಾತಲ್ಲ."

ಹಂಪಮ್ಮ ಇನ್ನೊಂದು ಚೂರು ಸೂಜಿ ಕೆಳಗ ಸರಿಸಿದ್ಲು.

"ಯಾರೋ ಕೊಟ್ಟಾರ ಅನ್ನು" ಅಂದ್ಲು. "ಮೊದಲು ಅದು ಸುಳ್ಳಿತ್ತು. ಈಗ ಖರೇ."